ಕುಕ್ಕರುಗಾಲಲ್ಲಿ ಕೂತವನು

ಬೀಗದಣ್ಣ ನಿಂತು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಬಾಗಿಲ ಬೀಗವಾದರೆ ಬಾಗಿಲ ಮುಂದೆ, ಪೆಟ್ಟಿಗೆಯ ಬೀಗವಾದರೆ ಪೆಟ್ಟಿಗೆಯ ಮುಂದೆ, ಎರಡೂ ಇಲ್ಲದಿದ್ದರೆ ತನ್ನ ಅಂಗಡಿಯ ಮುಂದೆ, ಕುಕ್ಕರುಗಾಲಲ್ಲಿ ಕೂತೇ ಇರುತ್ತಿದ್ದ. ಬಾಯಲ್ಲಿ ಒಂದು ತುಂಡು ತಂತಿ, ಕೈಯಲ್ಲಿ ಕಬ್ಬಿಣ ಉಜ್ಜುವ ಅರ, ತಲೆ ಎಡಕ್ಕೆ ವಾಲಿರುತ್ತಿತ್ತು. ಬೀಗ ಏನೋ ಗುಟ್ಟು ಹೇಳುತ್ತಿದೆ, ಇವನು ಕಿವಿಗೊಟ್ಟು ಕೇಳುತ್ತಿದ್ದಾನೆ ಅನ್ನಿಸುವ ಹಾಗೆ. ಬೀದಿಯ ಆ ತುದಿಯಿಂದ ನೋಡಿದರೂ ಆ ಬೆನ್ನು ಯಾರದೆಂದು ಹೇಳಬಹುದಿತ್ತು.

ಅಂಗಡಿ ಎಂದರೆ ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿ. ಮೇಲೆ ಹತ್ತುವವರ ಚಪ್ಪಲಿಯ ಮಣ್ಣೆಲ್ಲ ಅವನ ತಲೆಯ ಮೇಲೆ. ಗೋಡೆಗೆ ಒಂದು ಹಲಗೆ ಹೊಡೆದಿದ್ದ, ಅದರ ತುಂಬ ಮೊಳೆಗಳು, ಮೊಳೆಗೊಂದು ಕೀಲಿ. ಅವು ಮಾರಾಟದ ಕೀಲಿಗಳಲ್ಲ. ಬೀದಿಯ ಮನೆಗಳ ಎರಡನೇ ಕೀಲಿಗಳು. ಕೀಲಿ ಕಳೆದುಕೊಂಡವರು, ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡವರು ಓಡಿ ಬಂದರೆ, "ನಿಮ್ಮ ತಲೇನೂ ಒಳಗೇ ಬಿಟ್ಟು ಬಂದಿಲ್ಲ ತಾನೆ?" ಎಂದು ಕೇಳಿ ಮೊಳೆಯಿಂದ ಕೀಲಿ ತೆಗೆದು ಕೊಡುತ್ತಿದ್ದ. ಯಾವ ಕೀಲಿಗೂ ಚೀಟಿ ಅಂಟಿಸಿರಲಿಲ್ಲ. ಯಾವುದು ಯಾರದೆಂದು ಅವನಿಗೊಬ್ಬನಿಗೇ ಗೊತ್ತು. ಗಾಳಿ ಬೀಸಿದಾಗ ಹಲಗೆ ಪೂರ್ತಿ ಕಿಣಿಗುಟ್ಟುತ್ತಿತ್ತು. ಆ ಸದ್ದು, ಎದುರಿನ ಹಿಟ್ಟಿನ ಗಿರಣಿಯ ಬೆಲ್ಟಿನ ಪಟಪಟ, ಚಹದಂಗಡಿಯಲ್ಲಿ ಯಾರೋ ಪತ್ರಿಕೆ ಗಟ್ಟಿಯಾಗಿ ಓದುತ್ತಿದ್ದುದು, ಇವಿಷ್ಟು ಕೂಡಿದರೆ ನಮ್ಮ ಬೀದಿಯ ಬೆಳಗು. ಈಗ ಆ ಸಂದಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಗಿರಣಿ ಮುಚ್ಚಿದೆ. ಬೀಗದಣ್ಣನೂ ಹೋಗಿಯಾಯಿತು.

ಅವನಿಗೂ ನನಗೂ ಪರಿಚಯವಾದದ್ದೇ ಜಗಳದಲ್ಲಿ. ನಾವು ಆಗ ಕಾರ್ಖಾನೆಯ ಮುಂದೆ ಮುಷ್ಕರ ಕೂತಿದ್ದೆವು. ಮಾಲೀಕರ ಕಡೆಯವರು ನಮ್ಮ ಸಂಘದ ಕೋಣೆಗೆ ಬೀಗ ಜಡಿದರು. ಬಾವುಟ, ಚಾಪೆ, ಮೈಕು, ಎಲ್ಲ ಒಳಗೆ. ನಾನು ಗುಂಪು ಕಟ್ಟಿಕೊಂಡು ಹೋಗಿ ಬೀಗದಣ್ಣನನ್ನು ಎಬ್ಬಿಸಿಕೊಂಡು ಬಂದೆ. ಅವನು ಬಾಗಿಲ ಮುಂದೆ ಕುಕ್ಕರಿಸಿ, ಬೀಗವನ್ನು ಬೆರಳಲ್ಲಿ ತಟ್ಟಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ.

"ಅಕ್ಕಪಕ್ಕದವರು ಇಬ್ಬರನ್ನ ಕರ್ಕೊಂಡು ಬಾ."

"ಇಷ್ಟು ಜನ ಇದೀವಲ್ಲಯ್ಯ, ಸಾಲದಾ?"

"ನೀವೆಲ್ಲ ಒಳಗೆ ಹೋಗೋರು. ಹೊರಗೆ ನಿಂತು ನೋಡೋರು ಇಬ್ಬರು ಬೇಕು."

ಅದು ಅವನ ಕಟ್ಟಳೆ. ಯಾರದೇ ಬಾಗಿಲಿರಲಿ, ನೆರೆಯವರು ಇಬ್ಬರು ಬಂದು ಪಕ್ಕದಲ್ಲಿ ನಿಂತ ಹೊರತು ಅವನ ತಂತಿ ಬೀಗದೊಳಗೆ ಇಳಿಯುತ್ತಿರಲಿಲ್ಲ. ಮಳೆಯಲ್ಲಿ ನೆನೆದು ನಿಂತ ಗರ್ಭಿಣಿಗೂ ಅದೇ ಕಟ್ಟಳೆ, ಪೇದೆಗೂ ಅದೇ. ನನಗೆ ಮೈಯೆಲ್ಲ ಉರಿಯಿತು. ಮಾಲೀಕರ ಚೇಲಾ ಎಂದೆ, ಇನ್ನೂ ಏನೇನೋ ಅಂದೆ, ಅಚ್ಚು ಹಾಕುವಂಥ ಮಾತುಗಳಲ್ಲ. ಅವನು ಬಾಯಿಂದ ತಂತಿ ತೆಗೆಯದೆಯೇ ಹೇಳಿದ: "ಆಯ್ತು ಬಿಡೋ, ಹಾಗೇ ಅಂದ್ಕೋ. ಇಬ್ಬರನ್ನ ಕರ್ಕೊಂಡು ಬಾ."

ಮಾಲೀಕರಿಗೆ ಹೆದರಿ ನೆರೆಯವರು ಯಾರೂ ಬರಲಿಲ್ಲ. ನಾವು ಕಲ್ಲು ತಗೊಂಡು ಬೀಗ ಒಡೆದೆವು. ಮಾರನೆಯ ದಿನ ಅವನೇ ಬಂದು, "ಒಡೆದಿರೋ ಬಾಗಿಲನ್ನ ಹಾಗೇ ಬಿಟ್ರೆ ನಾಯಿ ಮಲಗುತ್ತೆ," ಎಂದು ಬೈದು ಹೊಸ ಚಿಲಕ ಕೂರಿಸಿದ. ಅವತ್ತಿನಿಂದ ನನ್ನನ್ನು ಕರೆಯುತ್ತಿದ್ದದ್ದು 'ಘೋಷಣೆ' ಎಂದು. "ಏನೋ ಘೋಷಣೆ, ಇವತ್ತು ಯಾರಿಗೆ ಧಿಕ್ಕಾರ?"

ಇಂಥವನ ಚಿತ್ರ ಪತ್ರಿಕೆಯಲ್ಲಿ ಬಂತು.

ಬೀದಿಗೆಲ್ಲ ಒಂದೇ ಪತ್ರಿಕೆ, ಚಹದಂಗಡಿಯದು. ಅದನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಂಡು ಓದುತ್ತಿದ್ದೆವು. ರಾಜಕೀಯದ ಹಾಳೆ ನನಗೆ, ಸಿನಿಮಾ ಹುಡುಗರಿಗೆ. ಕಳ್ಳತನ, ಕೊಲೆ, ವಂಚನೆಯ ಪುಟಕ್ಕೆ ಮಾತ್ರ ಎಲ್ಲರೂ ಕೈ ಚಾಚುತ್ತಿದ್ದರು. ಮೊದಲು ಹರಿದು ಹೋಗುತ್ತಿದ್ದದ್ದೂ ಅದೇ. ಬೀಗದಣ್ಣನಿಗಂತೂ ಅದರ ಮೇಲೆ ಪ್ರಾಣ. ಮನೆ ಮುರಿದ ಸುದ್ದಿಯಿದ್ದರೆ ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರ ಓದಿ, "ಬೀಗ ಒಡೆದಿದ್ದಾನೆ ನೋಡು, ತೆಗೆಯೋಕೆ ಬರಲ್ಲ, ಕಸುಬುಗೇಡಿ," ಎಂದು ಕಳ್ಳನಿಗೇ ಅಂಕ ಹಾಕುತ್ತಿದ್ದ.

ಆ ದಿನವೂ ಎಲ್ಲರಿಗಿಂತ ಮುಂಚೆ ಆ ಪುಟ ಕಿತ್ತುಕೊಂಡವನು ಅವನೇ. ಮೇಲ್ಗಡೆ ದಪ್ಪಕ್ಷರ: 'ಮನೆಗಳ್ಳರ ಕೂಟ ಬಲೆಗೆ'. ಕೆಳಗೆ ದೊಡ್ಡ ಚಿತ್ರ. ಠಾಣೆಯ ಅಂಗಳದಲ್ಲಿ ಎದೆಯುಬ್ಬಿಸಿ ಸಾಲಾಗಿ ನಿಂತ ಪೊಲೀಸರು, ಮುಂದೆ ಒಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ತಲೆ ತಗ್ಗಿಸಿ ಕೂತ ಒಬ್ಬ ಮನುಷ್ಯ. ಚಿತ್ರದ ಅಡಿಯಲ್ಲಿ: 'ಕದ್ದ ಮಾಲಿನೊಂದಿಗೆ ಸಿಕ್ಕಿಬಿದ್ದ, ಕಳ್ಳಕೀಲಿ ತಯಾರಿಸುತ್ತಿದ್ದ ಆರೋಪಿ'.

ನಡೆದದ್ದು ಇಷ್ಟೇ. ಕಳ್ಳರು ಸಿಕ್ಕಿದ್ದರು, ಮಾಲು ತುಂಬಿದ್ದ ಪೆಟ್ಟಿಗೆಯೂ ಸಿಕ್ಕಿತ್ತು. ಅದರ ಕೀಲಿಯನ್ನು ಅವರು ಎಲ್ಲೋ ಎಸೆದಿದ್ದರು. ಠಾಣೆಯವರು ಬೀಗದಣ್ಣನನ್ನು ಕರೆಸಿದರು. ಅವನು ಅಲ್ಲಿಯೂ ಇಬ್ಬರು ನೆರೆಯವರನ್ನು ಕೇಳಿ, ಬೈಸಿಕೊಂಡು, ಅವರು ಬಂದ ಮೇಲೆ ಕೆಲಸಕ್ಕೆ ಕೂತ. ಅಷ್ಟರಲ್ಲಿ ಪತ್ರಿಕೆಯ ಫೋಟೋದವನು ಬಂದ. ಕಳ್ಳರನ್ನು ಇನ್ನೂ ಒಳಗಿನಿಂದ ಕರೆತಂದಿರಲಿಲ್ಲ. ಅವನಿಗೆ ಇನ್ನೆಲ್ಲಿಗೋ ಹೋಗುವ ಗಡಿಬಿಡಿ. ಇದ್ದದ್ದರ ಫೋಟೋ ಹೊಡೆದುಕೊಂಡು ಹೋದ. ಪತ್ರಿಕೆಯ ಕಚೇರಿಯಲ್ಲಿ ಮೇಜಿನ ಮುಂದೆ ಕೂತವನು ಚಿತ್ರ ನೋಡಿ ಅಡಿಬರಹ ಗೀಚಿದ. ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಅಂಥ ಚಿತ್ರಗಳೆಲ್ಲ ಒಂದೇ ಅಚ್ಚಿನವು. ನಿಂತವರು ಪೊಲೀಸರು, ಕೂತವನು ಕಳ್ಳ.

ಬೀಗದಣ್ಣ ಪುಟವನ್ನು ಬೆಂಚಿನ ಮೇಲಿಟ್ಟ. "ಪೆಟ್ಟಿಗೆ ಚೆನ್ನಾಗಿ ಬಂದಿದೆ," ಅಂದ. ಯಾರೂ ನಗಲಿಲ್ಲ.

ಮರುದಿನದಿಂದ ಹಲಗೆ ಬರಿದಾಗತೊಡಗಿತು. ಯಾರೂ ಒಂದು ಮಾತೂ ಕೆಟ್ಟದ್ದು ಆಡಲಿಲ್ಲ, ಅದೇ ಸಂಕಟ. ಒಬ್ಬೊಬ್ಬರೇ ನಗುನಗುತ್ತ ಬಂದರು. ಒಬ್ಬರಿಗೆ ತಂಗಿ ಬರುವವಳಿದ್ದಳು, ಅವಳಿಗೊಂದು ಕೀಲಿ ಬೇಕಿತ್ತು. ಇನ್ನೊಬ್ಬರು ಬಾಗಿಲನ್ನೇ ಬದಲಿಸುತ್ತಿದ್ದರು. ಗಿರಣಿಯವನು, ಅವನ ಜೊತೆ ದಿನಾ ಚಹ ಕುಡಿಯುತ್ತಿದ್ದವನು, ಹಿಟ್ಟಿನ ಮೈಯಲ್ಲೇ ಬಂದ.

"ನಮ್ಮ ಅತ್ತೆ ಬರ್ತಾರಂತೆ ಕಣಣ್ಣ. ಅವರ ಕೈಗೊಂದು ಕೀಲಿ ಇರಲಿ ಅಂತ ಇವಳು..."

"ಬರಲಿ ಬರಲಿ, ಹಿರಿಯರು," ಎಂದು ಬೀಗದಣ್ಣ ಕೀಲಿ ತೆಗೆದುಕೊಟ್ಟ. ಎಣ್ಣೆಬಟ್ಟೆಯಲ್ಲಿ ಒರೆಸಿ ಕೊಟ್ಟ.

ನನ್ನ ಕೋಣೆಗೆ ಬೀಗ ಹಾಕುವ ಪರಿಪಾಠವೇ ಇರಲಿಲ್ಲ. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಒಂದೇ ಕೀಲಿ, ಟೀಚರಮ್ಮನದು. ಬೀದಿಯ ಮೂಲೆಮನೆಯಲ್ಲಿ ಒಂಟಿಯಾಗಿದ್ದ ನಿವೃತ್ತ ಟೀಚರು. ನಮ್ಮಲ್ಲಿ ಅರ್ಧ ಜನಕ್ಕೆ ಕಿವಿ ಹಿಂಡಿ ಅಕ್ಷರ ಕಲಿಸಿದವರು. "ನೋಡು, ಅವರೊಬ್ಬರು ನಂಬಲಿಲ್ಲ," ಎಂದೆ ನಾನು. ಬೀಗದಣ್ಣ ಹೂಂ ಅಂದ, ಅಷ್ಟೇ. ಆ ಹೂಂನಲ್ಲಿ ಏನಿತ್ತೆಂದು ಬಹಳ ದಿನದ ಮೇಲೆ ನನಗೆ ಗೊತ್ತಾಯಿತು.

ನಾನು ಸುಮ್ಮನಿರುವ ಆಸಾಮಿಯಲ್ಲ. ನಮ್ಮವರನ್ನು ಕೂಡಿಸಿ, ಪತ್ರಿಕೆಯ ಕಚೇರಿ ಮುಂದೆ ಅದರ ಪ್ರತಿಗಳನ್ನು ಸುಡುವುದೆಂದು ಗೊತ್ತುಮಾಡಿದೆ. ಬೀಗದಣ್ಣ ಕೈ ಮುಗಿದ.

"ಬೇಡ ಕಣೋ ಘೋಷಣೆ. ನೀವು ಬೆಂಕಿ ಹಚ್ಚಿದ್ರೆ ನಾಳೆ ಅದರ ಚಿತ್ರಾನೂ ಬರುತ್ತೆ. ಅದರಲ್ಲೂ ನಾನು ಕೂತಿರ್ತೀನಿ."

ತಾನೇ ಹೋದ. ಒಗೆದ ಅಂಗಿ ಹಾಕಿಕೊಂಡು, ಪುಟವನ್ನು ಮಡಿಚಿಕೊಂಡು ಹೋದ. ಅವರು ಕುರ್ಚಿ ಕೊಟ್ಟರಂತೆ, ಚಹ ಕೊಟ್ಟರಂತೆ, ತಪ್ಪಾಯಿತು, ತಿದ್ದುಪಡಿ ಹಾಕುತ್ತೇವೆ ಅಂದರಂತೆ. ಹಾಕಿದರು. ಒಳಪುಟದಲ್ಲಿ, ಕಾಣೆಯಾದವರ ಪ್ರಕಟಣೆಗಳ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: 'ಇತ್ತೀಚೆಗೆ ಪ್ರಕಟವಾದ ಚಿತ್ರವೊಂದರಲ್ಲಿರುವ ವ್ಯಕ್ತಿ ಆರೋಪಿಯಲ್ಲವೆಂದು ತಿಳಿದುಬಂದಿದೆ.' ಯಾವ ಚಿತ್ರ, ಯಾವ ವ್ಯಕ್ತಿ, ಒಂದೂ ಇಲ್ಲ. ಬೀಗದ ಒಳಗನ್ನು ನೋಡುವ ಭೂತಗನ್ನಡಿಯಲ್ಲಿ ಅವನು ಅದನ್ನು ಓದಿದ. ಅವನ ಹೆಂಡತಿ, ನಾನು ಅತ್ತಿಗೆ ಅನ್ನುತ್ತಿದ್ದೆ, ಬಾಗಿಲಲ್ಲಿ ನಿಂತಿದ್ದಳು.

"ಕಳ್ಳ ಅಂದದ್ದು ಅಷ್ಟು ದಪ್ಪಕ್ಷರದಲ್ಲಿ. ಅಲ್ಲ ಅಂದದ್ದು ಪಿಸುಮಾತಲ್ಲಿ," ಅಂದಳು. "ನೀವು ಬಾಯಿ ಮುಚ್ಚಿಕೊಂಡು ಕೂತ್ರೆ ಹೌದು ಅಂದಂಗೆ ಆಗುತ್ತೆ. ನಾನಂತೂ ಹೌದು ಅನ್ನಲ್ಲ."

ಹೀಗೆ ಮಾನಹಾನಿಯ ದಾವೆ ಹೂಡಿದ್ದಾಯಿತು. ನಮ್ಮನ್ನೆಲ್ಲ ಜೈಲಿನಿಂದ ಬಿಡಿಸಿ ಬಿಡಿಸಿ ಸುಸ್ತಾಗಿದ್ದ ವಕೀಲಮ್ಮನೇ ವಕೀಲರು. ಬೀಗದಣ್ಣ ಕೇಳಿದ್ದು ಒಂದೇ: ಅದೇ ಪುಟ, ಅದೇ ಜಾಗ, ಅಷ್ಟೇ ದೊಡ್ಡದಾಗಿ ಸತ್ಯ ಬರಬೇಕು. ಬೇರೇನನ್ನೂ ಅವನು ಕೇಳಲೊಲ್ಲ. ಕೀಲಿಗಳು ಮೊಳೆಗೆ ಮರಳದಿದ್ದರೆ ಅವನು ಬದುಕಿಯೂ ಇಲ್ಲದ ಹಾಗೆ. ಬೀಗದ ಕೆಲಸದವನಿಗೆ ಕೈಚಳಕ ಆಮೇಲೆ, ನಂಬಿಕೆ ಮೊದಲು. ಬಾಗಿಲು ತೋರಿಸಲು ಹೆದರುವ ಜನರ ನಡುವೆ ಅವನು ಏನು ಮಾಡಿಯಾನು?

ದಾವೆ ಆಮೆಯಂತೆ ತೆವಳಿತು. ವಾಯಿದೆ ಮೇಲೆ ವಾಯಿದೆ. ಆ ದಿನಗಳಲ್ಲಿ ಬೀಗದಣ್ಣ ಕೊಡೆ, ಟಾರ್ಚು, ಸ್ಟವ್ ರಿಪೇರಿ ಮಾಡಿ ಹೊಟ್ಟೆ ಹೊರೆದ. ಕೊಡೆ ರಿಪೇರಿಗೆ ಯಾರ ನಂಬಿಕೆಯೂ ಬೇಕಿಲ್ಲ.

ಸಾಕ್ಷಿಗಳ ವಿಷಯ ಬಂದಾಗ ಬೀದಿಗೆ ಬೀದಿಯೇ ವಕೀಲಮ್ಮನ ಕೋಣೆಗೆ ಬಂತು. ಎಲ್ಲರದೂ ಒಂದೇ ರಾಗ. ಬೀಗದಣ್ಣ ಅಪರಂಜಿ, ನಾವು ಒಂದು ಕ್ಷಣವೂ ಅನುಮಾನಪಟ್ಟಿಲ್ಲ, ಆ ಪತ್ರಿಕೆಗೆ ನಮ್ಮ ಬೀದಿಯಲ್ಲಿ ಯಾರು ಬೆಲೆ ಕೊಡುತ್ತಾರೆ? ಗಿರಣಿಯವನು ಎದೆ ತಟ್ಟಿಕೊಂಡು ಹೇಳಿದ. ನನಗೆ ಹಿಗ್ಗು. ವಕೀಲಮ್ಮ ಅವರನ್ನೆಲ್ಲ ಕಳಿಸಿ ಬಾಗಿಲು ಹಾಕಿ ತಲೆ ಹಿಡಿದುಕೊಂಡರು.

"ಇವರು ಹೀಗೇ ಹೇಳಿದ್ರೆ ನಾವು ಸೋತ ಹಾಗೇ."

"ಯಾಕಮ್ಮ? ಎಲ್ಲರೂ ಒಳ್ಳೇದೇ ಹೇಳಿದ್ರಲ್ಲ?"

"ಅದಕ್ಕೇ. ಚಿತ್ರದಲ್ಲಿ ಹೆಸರಿಲ್ಲ, ಮುಖ ಸರಿಯಾಗಿ ಕಾಣಲ್ಲ. ಆ ಕಡೆ ವಕೀಲರು ಏನು ಕೇಳ್ತಾರೆ? ಇದು ಇವನೇ ಅಂತ ಯಾರಿಗೆ ಗೊತ್ತಾಯ್ತು? ಯಾರೂ ನಂಬಲಿಲ್ಲ ಅಂದ ಮೇಲೆ ಮಾನ ಹೋಗಿದ್ದೆಲ್ಲಿ? ನಮಗೆ ಬೇಕಾದವರು ಇವನನ್ನ ಹೊಗಳೋರಲ್ಲ. ಇವನನ್ನ ಕಳ್ಳ ಅಂತ ನಂಬಿದೋರು. ನಂಬಿದೆ ಅಂತ ಕಟಕಟೇಲಿ ನಿಂತು ಹೇಳೋರು."

ಬೀಗದಣ್ಣನ ಕಡೆ ತಿರುಗಿ ಕೇಳಿದರು: "ನಿನಗೆ ಗೊತ್ತಿರಬೇಕಲ್ಲ, ಯಾರು ನಂಬಿದ್ರು?"

"ಗೊತ್ತು."

"ಹೇಳು ಮತ್ತೆ."

"ಯಾರ ಬಾಗಿಲ ಗುಟ್ಟನ್ನೂ ಹೊರಗೆ ಹೇಳಿದೋನಲ್ಲ ನಾನು. ಈಗ ಹೇಳಿದ್ರೆ ಪತ್ರಿಕೇಲಿ ಬರೆದದ್ದೇ ನಿಜ ಆಗುತ್ತೆ."

ವಕೀಲಮ್ಮ ಬೈದರು. ಅತ್ತಿಗೆ ಬೈದಳು. ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಅವನು ಕಲ್ಲುಗುಂಡು. ದಾರಿಯಲ್ಲಿ ಅತ್ತಿಗೆ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಟೀಚರಮ್ಮನ ಮನೆ ಬೀಗ ನೋಡಿದೀಯಾ?"

ಹೋಗಿ ನೋಡಿದೆ. ಬಾಗಿಲ ಮೇಲೆ ಇವನು ಕೂರಿಸಿದ್ದ ಹಿತ್ತಾಳೆಯ ಬೀಗ ಇರಲಿಲ್ಲ. ಹೊಳೆಯುವ ಹೊಸ ಬೀಗ. ಕೀಲಿ ವಾಪಸು ಕೇಳಲು ಟೀಚರಮ್ಮನಿಗೆ ಮುಖವಿಲ್ಲ, ಇವನ ಬೀಗ ಇಟ್ಟುಕೊಳ್ಳಲು ಧೈರ್ಯವಿಲ್ಲ. ಬೇರೆ ಕಡೆಯಿಂದ ಆಳು ಕರೆಸಿ ಬೀಗವನ್ನೇ ಬದಲಿಸಿದ್ದರು. ಹಲಗೆಯ ಮೇಲೆ ಒಂಟಿಯಾಗಿ ನೇತಾಡುತ್ತಿದ್ದ ಆ ಕೀಲಿ ಯಾವ ಬಾಗಿಲನ್ನೂ ತೆಗೆಯುವಂತಿರಲಿಲ್ಲ. ಬೀಗದಣ್ಣ ದಿನಾ ಆ ಮನೆ ದಾಟಿಕೊಂಡೇ ಬರುತ್ತಿದ್ದ. ದಿನಾ ಆ ಹೊಸ ಬೀಗ ಕಂಡಿದ್ದ. ದಿನಾ ಆ ಸತ್ತ ಕೀಲಿಯ ಧೂಳು ಒರೆಸುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಗಿರಣಿಗೆ ನುಗ್ಗಿದೆ. ಬೆಲ್ಟಿನ ಸದ್ದಿನ ಮೇಲೆ ಕೂಗಬೇಕು, ಮೆರವಣಿಗೆಯಲ್ಲಿ ಪಳಗಿದ ಗಂಟಲು ನನ್ನದು.

"ನಿಮ್ಮ ಒಳ್ಳೆತನ ಅವನನ್ನ ಮುಳುಗಿಸುತ್ತೆ ಕಣ್ರಯ್ಯ! ನಂಬಿಲ್ಲ ನಂಬಿಲ್ಲ ಅಂತ ಬೊಗಳೋದು ಬಿಡಿ. ನಂಬಿದೋರು ಯಾರಾದ್ರೂ ಬಂದು ಹೌದು ಅಂದ್ರೆ ಮಾತ್ರ ಅವನು ಗೆಲ್ಲೋದು. ಅವನು ಸಾಯೋವರೆಗೂ ನಿಮ್ಮ ಹೆಸರು ಹೇಳಲ್ಲ. ಎಲ್ಲ ಗೊತ್ತಿದ್ದೂ ಹೇಳಲ್ಲ!"

ಗಿರಣಿಯವನು ಬೆಲ್ಟು ನಿಲ್ಲಿಸಿದ. ಆಗಲೇ ನಾನು ಕಂಡದ್ದು, ಮೂಲೆಯ ಬೆಂಚಿನ ಮೇಲೆ, ಡಬ್ಬ ಮಡಿಲಲ್ಲಿಟ್ಟುಕೊಂಡು ಟೀಚರಮ್ಮ ಕೂತಿದ್ದರು. ನನ್ನನ್ನು ಒಮ್ಮೆ ನೋಡಿದರು. ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ. ಹಿಟ್ಟು ತುಂಬಿಸಿಕೊಂಡು ಹೋದರು.

ವಿಚಾರಣೆಯ ದಿನ ಮೊದಲು ಬಂದವನು ಪತ್ರಿಕೆಯ ಮೇಜಿನವನು, ಆ ಅಡಿಬರಹ ಬರೆದವನು. ವಕೀಲಮ್ಮ ಕೇಳಿದರು, ಕೂತವನು ಆರೋಪಿ ಅಂತ ನಿಮಗೆ ಯಾರು ಹೇಳಿದರು?

"ಯಾರೂ ಹೇಳಲಿಲ್ಲ. ಅಂಥ ಫೋಟೋದಲ್ಲಿ ಯಾವಾಗಲೂ ಹಾಗೇ ಇರುತ್ತೆ. ನಿಂತಿರೋರು ಪೊಲೀಸರು, ಕೂತಿರೋನು ಆರೋಪಿ."

ಸುಳ್ಳು ಹೇಳಲಿಲ್ಲ ಪಾಪ. ಅದೇ ಅವನ ದಿನದ ಕೆಲಸ. ಬಳಿಕ ಆ ಕಡೆಯ ವಕೀಲರು ಎದ್ದು, ವಕೀಲಮ್ಮ ಹೆದರಿದ್ದನ್ನೇ ಚಾಚೂ ತಪ್ಪದೆ ಹೇಳಿದರು. ಹೆಸರಿಲ್ಲ, ಮುಖವಿಲ್ಲ, ನಂಬಿದವರಿಲ್ಲ.

ಆಗ ಹಿಂದಿನ ಬಾಗಿಲಿನಿಂದ ಟೀಚರಮ್ಮ ಬಂದರು. ಕೈಯಲ್ಲಿ ಬಟ್ಟೆಚೀಲ. ಹಿಂದೆ, ತಲೆಗೆ ನೀರು ಹಾಕಿಕೊಂಡು ಹಿಟ್ಟೆಲ್ಲ ತೊಳೆದು ಗುರುತೇ ಸಿಗದಂತಾಗಿದ್ದ ಗಿರಣಿಯವನು. ಟೀಚರಮ್ಮ ಬೀಗದಣ್ಣನ ಮುಂದೆ ನಿಂತು ಹೇಳಿದರು: "ಅಕ್ಕಪಕ್ಕದವರು ಇಬ್ಬರು ಬೇಕು ಅಂತಿದ್ಯಲ್ಲ. ಬಂದಿದೀವಿ."

ಕಟಕಟೆಯಲ್ಲಿ ಅವರಿಗೆ ಕುರ್ಚಿ ಕೊಟ್ಟರು. ಕೂರಲಿಲ್ಲ. ವಕೀಲಮ್ಮ ನ್ಯಾಯಾಧೀಶರ ಅಪ್ಪಣೆ ಪಡೆದು ಚಿತ್ರ ತೋರಿಸಿದರು.

"ಇದು ಯಾರು ಅಂತ ನಿಮಗೆ ಗೊತ್ತಾಯಿತೇ?"

"ಗೊತ್ತಾಯಿತು. ಮುಖ ಯಾಕೆ ಬೇಕು? ಅವನು ಕೂರೋ ರೀತಿ ಸಾಕು. ನಮ್ಮ ಬೀದೀಲಿ ಕುರುಡರನ್ನ ಕೇಳಿದ್ರೂ ಹೇಳ್ತಾರೆ."

"ಬರೆದದ್ದನ್ನು ನಂಬಿದಿರಾ?"

ಟೀಚರಮ್ಮ ಚೀಲದಿಂದ ಹಿತ್ತಾಳೆಯ ಬೀಗ ತೆಗೆದು ಮೇಜಿನ ಮೇಲಿಟ್ಟರು.

"ನಂಬಿದೆ. ಇದು ಅವನು ಕೂರಿಸಿದ್ದ ಬೀಗ. ಅದೇ ವಾರ ತೆಗೆಸಿದೆ. ಅವನ ಹತ್ರ ನಮ್ಮನೆ ಕೀಲಿ ಇತ್ತು."

ಆ ಕಡೆಯ ವಕೀಲರು ಬಿಡಲಿಲ್ಲ. "ಅಷ್ಟು ವರ್ಷದ ಪರಿಚಯ. ಒಂದು ಚಿತ್ರ ನೋಡಿ ನಂಬಿಬಿಟ್ಟಿರಾ? ನೀವು ಓದಿದವರು."

"ಓದಿದವಳು ಅಂತಲೇ ನಂಬಿದೆ. ಪತ್ರಿಕೆ ಓದಿ, ಪತ್ರಿಕೆ ಓದಿ ಅಂತ ಮಕ್ಕಳಿಗೆ ಬೆತ್ತ ಹಿಡಿದು ಹೇಳಿದವಳು ನಾನು. ಅದರಲ್ಲಿ ಬಂದದ್ದನ್ನ ನಾನೇ ನಂಬದಿದ್ರೆ ಹೇಗೆ?"

ವಕೀಲರು ಕೂತರು. ಗಿರಣಿಯವನು ಕಟಕಟೆಯ ಕಂಬಿ ಹಿಡಿದುಕೊಂಡೇ ಅಳುಮುಖ ಮಾಡಿದ.

"ನಾನೂ ಕೀಲಿ ಇಸ್ಕೊಂಡೆ ಸ್ವಾಮಿ. ಅತ್ತೆ ಬರ್ತಾರೆ ಅಂತ ಹೇಳಿದೆ."

"ಅತ್ತೆ ಬಂದರೇ?" ವಕೀಲಮ್ಮ ಕೇಳಿದರು.

"ಹೇಗೆ ಬರ್ತಾರೆ? ನನ್ನ ಮದುವೆಗೆ ಮುಂಚೆನೇ ತೀರ್ಕೊಂಡಿದ್ರು."

ನ್ಯಾಯಾಧೀಶರೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕೋಣೆಯೆಲ್ಲ ನಗುತ್ತಿತ್ತು. ನಾನು ಬೀಗದಣ್ಣನ ಕಡೆ ನೋಡಿದೆ. ಅವನು ಟೀಚರಮ್ಮನನ್ನೂ ನೋಡುತ್ತಿರಲಿಲ್ಲ, ಗಿರಣಿಯವನನ್ನೂ ನೋಡುತ್ತಿರಲಿಲ್ಲ. ಮೇಜಿನ ಮೇಲಿನ ಬೀಗವನ್ನು ನೋಡುತ್ತಿದ್ದ. ನನ್ನ ಕಿವಿಯಲ್ಲಿ ಅಂದ: "ಒಂದು ತೊಟ್ಟು ಎಣ್ಣೆ ಬಿಟ್ಟಿಲ್ಲ ನೋಡು. ಕಿಲುಬು ಹಿಡಿಸಿಬಿಟ್ಟಿದ್ದಾರೆ."

ಗೆದ್ದೆವು. ನ್ಯಾಯಾಲಯ ಹೇಳಿದ್ದು ಅವನು ಕೇಳಿದ್ದನ್ನೇ: ಅದೇ ಪುಟ, ಅದೇ ಜಾಗ, ಅಷ್ಟೇ ದೊಡ್ಡದು. ಪತ್ರಿಕೆಯವರು ಅದಕ್ಕೆಂದೇ ಹೊಸ ಫೋಟೋ ತೆಗೆಯಲು ಆಳು ಕಳಿಸಿದರು. ಅವನು ಬಂದು, ಅಣ್ಣ ನಿಂತ್ಕೊಳ್ಳಿ, ಸ್ವಲ್ಪ ನಗಿ, ಅಂಗಡಿ ಮುಂದೆ ಎದೆ ಉಬ್ಬಿಸಿ ಎಂದು ಏನೇನೋ ಹೇಳಿದ. ನಾವೂ ದನಿಗೂಡಿಸಿದೆವು. ಇಷ್ಟು ವರ್ಷ ಹೊಡೆದಾಡಿದ್ದು ಇನ್ನೇತಕ್ಕೆ? ಬೀಗದಣ್ಣ ಒಪ್ಪಲಿಲ್ಲ.

"ಹಳೇದನ್ನೇ ಹಾಕಿ."

"ಅಣ್ಣ, ಅದರಲ್ಲಿ ನೀವು ಕೂತಿದೀರಾ..."

"ಕೂತೇ ಇದೀನಿ. ಕೂತೇ ಕೆಲಸ ಮಾಡೋದು ನಾನು. ಫೋಟೋದಲ್ಲಿ ಏನೂ ತಪ್ಪಿಲ್ಲ. ಕೆಳಗೆ ಬರೆದದ್ದು ತಪ್ಪು, ಅದನ್ನ ಸರಿಮಾಡಿ."

ಅದೇ ಚಿತ್ರ ಮತ್ತೆ ಬಂತು. ಅದೇ ಎದೆಯುಬ್ಬಿಸಿದ ಪೊಲೀಸರು, ಅದೇ ಪೆಟ್ಟಿಗೆ, ಅದೇ ಬಗ್ಗಿದ ಬೆನ್ನು. ಅಡಿಯಲ್ಲಿ: 'ಕಳ್ಳರ ಪೆಟ್ಟಿಗೆ ತೆರೆಯಲು ಪೊಲೀಸರಿಗೆ ನೆರವಾಗುತ್ತಿರುವ ಬೀಗ ರಿಪೇರಿಯವರು. ಇವರನ್ನು ಆರೋಪಿಯೆಂದು ಬರೆದದ್ದು ನಮ್ಮ ತಪ್ಪು.' ಚಹದಂಗಡಿಯಲ್ಲಿ ಆ ಪುಟವನ್ನು ಯಾರೂ ಹರಿಯಲಿಲ್ಲ. ಬೀಗದಣ್ಣ ಕನ್ನಡಕ ಏರಿಸಿಕೊಂಡು ನೋಡಿ, "ಈ ಸಲಾನೂ ಪೆಟ್ಟಿಗೆ ಚೆನ್ನಾಗಿ ಬಂದಿದೆ," ಅಂದ. ಆಗ ನಕ್ಕೆವು.

ಎಲ್ಲ ಕೀಲಿಗಳೂ ಮೊಳೆಗೆ ಮರಳಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲವರಿಗೆ ಬರಲು ನಾಚಿಕೆ, ಕೆಲವರು ಬೀದಿಯನ್ನೇ ಬಿಟ್ಟಿದ್ದರು, ಕೆಲವರಿಗೆ ಇನ್ನೂ ಒಳಗೊಳಗೆ ಏನೋ ಅಳುಕು. ಅಚ್ಚಾದದ್ದು ಅಷ್ಟು ಬೇಗ ಅಳಿಸಿಹೋಗುವುದಿಲ್ಲ. ಗಿರಣಿಯವನು ಮಾತ್ರ ತನ್ನದನ್ನು ತಂದು ತಾನೇ ಮೊಳೆಗೆ ಸಿಕ್ಕಿಸಿದ. "ಅತ್ತೆ ಹೊರಟ್ರಾ?" ಎಂದು ಬೀಗದಣ್ಣ ಕೇಳಿದ. ಆ ಮಾತು ಇಬ್ಬರೂ ಸಾಯುವ ತನಕ ನಡೆಯಿತು.

ಟೀಚರಮ್ಮ ಹೇಳಿಕಳಿಸಿದರು. ಬೀಗದಣ್ಣ ಚೀಲ ತೂಗುಹಾಕಿಕೊಂಡು ಹೋದ, ನಾನೂ ಹಿಂದೆಯೇ ಹೋದೆ. ಹಿತ್ತಾಳೆಯ ಬೀಗಕ್ಕೆ ಸೀಮೆಎಣ್ಣೆ ಕುಡಿಸಿ, ಕಿಲುಬು ಕೆರೆದು, ಹೊಸದನ್ನು ಬಿಚ್ಚಿ ಹಳೆಯದನ್ನು ಕೂರಿಸಿದ. ಬಾಗಿಲ ಮುಂದೆ ಕುಕ್ಕರುಗಾಲಲ್ಲಿ, ತಲೆ ಎಡಕ್ಕೆ ವಾಲಿಸಿ. ಟೀಚರಮ್ಮ ಹೊಸಿಲ ಮೇಲೆ ನಿಂತು ಏನೋ ಹೇಳಲು ಬಾಯಿ ತೆರೆದರು. ಅವನು ಬಾಯಲ್ಲಿದ್ದ ತಂತಿಯ ಸಂದಿಯಿಂದಲೇ, "ಬೆಳಕಿಗೆ ಅಡ್ಡ ಬರ್ತಿದೀರಾ ಅಮ್ಮಾ, ಸ್ವಲ್ಪ ಸರೀರಿ," ಅಂದ. ಅವರು ಸರಿದು ನಿಂತರು.

ಆಮೇಲೆ ಜೇಬಿನಿಂದ ಒಂದು ಕೀಲಿ ತೆಗೆದ. ಹಲಗೆಯ ಮೇಲೆ ಅಷ್ಟು ಕಾಲ ನೇತಾಡಿದ್ದ ಕೀಲಿ. ಬೀಗಕ್ಕೆ ಹಾಕಿ ತಿರುಗಿಸಿದ. ಕಟಕ್ ಎಂದು ತೆರೆಯಿತು. ಇನ್ನೊಮ್ಮೆ ಹಾಕಿದ, ಇನ್ನೊಮ್ಮೆ ತೆರೆದ. ಕೀಲಿಯನ್ನು ಟೀಚರಮ್ಮನ ಕಡೆ ಚಾಚಿದ.

"ನನ್ನ ಕೈಗ್ಯಾಕೆ ಕೊಡ್ತೀಯಾ? ಅದು ಇರೋ ಜಾಗದಲ್ಲಿ ಇರಲಿ," ಅಂದರು ಅವರು.

ಬೀಗದಣ್ಣ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಆಮೇಲೆ ಕೂಲಿ ಕೇಳಿದ. ಅವನು ಪುಕ್ಕಟೆ ಮಾಡಿಕೊಡುತ್ತಾನೆಂದು ಅವರೂ ಎಣಿಸಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೊಟ್ಟರು, ಅವನು ಇಸಕೊಂಡ. ಸ್ಪ್ಯಾನರು, ಅರ, ತಂತಿ ಎಲ್ಲ ಚೀಲಕ್ಕೆ ತುಂಬಿಕೊಂಡು ಎದ್ದ. ಮಂಡಿ ಲಟಲಟ ಎಂದವು. ಬೀದಿಗಿಳಿದು ನನ್ನ ಕಡೆ ತಿರುಗಿ, "ಏನೋ ಘೋಷಣೆ, ಸುಮ್ಮನೆ ನಡೀತಿದೀಯಾ, ಮೈ ಹುಷಾರಿಲ್ವಾ?" ಅಂದ.